ಬೆಸುಗೆ ಕಾಣದ ಅಂಚು

ಊರಿನ ಯಾವ ಫೋಟೋ ಸ್ಟುಡಿಯೋದಲ್ಲಿ ಕೇಳಿದರೂ ಮತ್ತೆ ಮತ್ತೆ ಬರುವ ಕೆಲಸವೊಂದಿದೆ. ತೀರಿಕೊಂಡ ಅಪ್ಪನದೊಂದು ಫೋಟೋ, ಅಮ್ಮನದೊಂದು ಫೋಟೋ. ಇಬ್ಬರೂ ಒಟ್ಟಿಗೆ ಕೂತು ತೆಗೆಸಿಕೊಂಡ ಚಿತ್ರ ಮನೆಯಲ್ಲಿ ಒಂದೂ ಇಲ್ಲ. ‘ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡಿ ಸಾರ್’ ಎಂದು ಮಕ್ಕಳು ಕೇಳುತ್ತಾರೆ. ಅಪ್ಪನ ಒಳ್ಳೆಯ ಮುಖ ಸಿಗುವುದು ಯಾರದೋ ಮದುವೆಯ ಗುಂಪು ಫೋಟೋದಲ್ಲಿ. ಹಿಂದೆ ಕೆಂಪು ಪರದೆ, ಒಂದು ಪಕ್ಕದಿಂದ ವಿಡಿಯೋ ಲೈಟು. ಅಮ್ಮನದು ಮೊಮ್ಮಗಳು ಹಿತ್ತಲಲ್ಲಿ ಮೊಬೈಲಿನಿಂದ ತೆಗೆದದ್ದು. ಡಿಸೈನರ್ ಮುಖದ ಬಣ್ಣ ತಿದ್ದುತ್ತಾರೆ, ಕಲೆಗಳನ್ನು ಅಳಿಸುತ್ತಾರೆ, ಹಿಂದೆ ತಿಳಿನೀಲಿ ಹಿನ್ನೆಲೆ ಹಾಕುತ್ತಾರೆ. ಇಷ್ಟೆಲ್ಲ ಆದಮೇಲೂ ಚಿತ್ರ ನಂಬುವ ಹಾಗಿದೆಯೋ ಇಲ್ಲವೋ ಎಂಬುದು ತಲೆ, ಭುಜಗಳ ಸುತ್ತ ಹರಿಯುವ ಕೆಲವೇ ಪಿಕ್ಸೆಲ್ ಅಗಲದ ಪಟ್ಟಿಯನ್ನು ಅವಲಂಬಿಸಿರುತ್ತದೆ.

ಆ ಪಟ್ಟಿ ಕೆಡುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಒಂದು, ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಗೆರೆ ಎದ್ದು ಕಾಣುತ್ತದೆ. ಎರಡು, ಅದನ್ನು ಮರೆಮಾಚಲು ಅಂಚನ್ನೆಲ್ಲ ಮಸುಕು ಮಾಡಿದಾಗ ಮನುಷ್ಯನ ಸುತ್ತ ಮಂಜು ಕವಿದಂತಾಗುತ್ತದೆ. ಎರಡನೆಯದೇ ಇಂದು ಹೆಚ್ಚು. ಫೆದರ್ ಎಂಬ ಜಾಗದಲ್ಲಿ 5 ಎಂದೋ 10 ಎಂದೋ ಟೈಪ್ ಮಾಡಿ, ಇಡೀ ದೇಹದ ಸುತ್ತ ಅದೇ ಮೆತ್ತನೆಯ ಅಂಚು ಕೊಟ್ಟು ಮುಂದಿನ ಫೋಟೋಗೆ ಹೋಗುವುದು ರೂಢಿಯಾಗಿದೆ. ಮೆತ್ತಗೆ ಮಾಡಿದರೆ ಬೆರೆಯುತ್ತದೆ ಎಂಬ ನಂಬಿಕೆ ನಾವು ಎಡಿಟಿಂಗ್ ಕಲಿಯುವ ಮೊದಲ ವಾರದಲ್ಲೇ ತಲೆಗೆ ಹೊಕ್ಕು ಅಲ್ಲೇ ಉಳಿದುಬಿಡುತ್ತದೆ. ಈ ಲೇಖನ ಆ ನಂಬಿಕೆಯ ವಿರುದ್ಧ. ಮಾಸ್ಕಿನ ಅಂಚು ಎಷ್ಟು ಮೆತ್ತಗಿರಬೇಕು ಎಂಬುದನ್ನು ಆ ಫೋಟೋವೇ ಹೇಳುತ್ತದೆ. ಅದೂ ಕಾಲರಿಗೊಂದು, ಕಿವಿಗೊಂದು, ಕೂದಲಿಗೊಂದು ಅಳತೆ ಹೇಳುತ್ತದೆ.

ಮೊದಲು ಮಾಸ್ಕ್ ಮಾಡುವ ಕೆಲಸವನ್ನು ನೋಡೋಣ. ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲೇಯರುಗಳೇ ಇರಲಿಲ್ಲ; 1994ರ ಮೂರನೆಯ ಆವೃತ್ತಿಯಲ್ಲಿ ಬಂದವು. ಒಂದರ ಮೇಲೊಂದು ಚಿತ್ರ ಇಟ್ಟಾಗ ಮೇಲಿನದರಲ್ಲಿ ಎಷ್ಟು ಭಾಗ ಕಾಣಬೇಕು ಎಂಬುದನ್ನು ಹೇಳುವ ಕಪ್ಪು-ಬಿಳುಪು ಚಿತ್ರವೇ ಲೇಯರ್ ಮಾಸ್ಕ್. ಮಾಸ್ಕಿನಲ್ಲಿ ಬಿಳುಪಿದ್ದ ಕಡೆ ಮೇಲಿನ ಚಿತ್ರ ಪೂರ್ತಿ ಕಾಣುತ್ತದೆ, ಕಪ್ಪಿದ್ದ ಕಡೆ ಪೂರ್ತಿ ಮರೆಯಾಗುತ್ತದೆ, ಬೂದು ಇದ್ದ ಕಡೆ ಎರಡೂ ಬೆರೆಯುತ್ತವೆ. ಎಂಟು ಬಿಟ್ಟಿನ ಫೈಲಿನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 0ಯಿಂದ 255ರ ತನಕ 256 ಮೆಟ್ಟಿಲು. ಮೇಲಿನ ಪಿಕ್ಸೆಲಿನ ಮೌಲ್ಯ 200, ಕೆಳಗಿನದು 100, ಮಾಸ್ಕ್ 128 ಎಂದಾದರೆ ಕಣ್ಣಿಗೆ ಬೀಳುವುದು ಸುಮಾರು 150. ಮಾಸ್ಕ್ ಎಷ್ಟು ಪಾಲು ಹೇಳುತ್ತದೋ ಅಷ್ಟು ಮೇಲಿನದರಿಂದ, ಉಳಿದ ಪಾಲು ಕೆಳಗಿನದರಿಂದ. ಇಡೀ ವಿದ್ಯೆಯ ಗಣಿತ ಇಷ್ಟೇ.

ಈ ಗಣಿತ ಫೋಟೋಶಾಪಿಗಿಂತ ಹಳೆಯದು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಎಂಬಿಬ್ಬರು ಪ್ರತಿ ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿಯ ಜೊತೆಗೆ ‘ಎಷ್ಟು ಮುಚ್ಚಿದೆ’ ಎಂಬ ನಾಲ್ಕನೆಯ ಸಂಖ್ಯೆಯನ್ನೂ ಇಟ್ಟರು. ಅದೇ ಆಲ್ಫಾ ಚಾನೆಲ್. 1984ರಲ್ಲಿ ಲ್ಯೂಕಾಸ್‌ಫಿಲ್ಮಿನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ನಿಯಮಗಳನ್ನು ಕ್ರಮವಾಗಿ ಬರೆದಿಟ್ಟರು. ಇಂದು ಮೊಬೈಲಿನ ಸ್ಟಿಕ್ಕರ್ ಅಂಟಿಸುವುದರಿಂದ ಹಿಡಿದು ಸಿನಿಮಾದ ಗ್ರಾಫಿಕ್ಸ್ ತನಕ ನಡೆಯುವುದು ಆ ನಿಯಮದಲ್ಲೇ. ಅವರ ಆಲೋಚನೆಯ ತಿರುಳು ಅಂಚಿನಲ್ಲೇ ಇದೆ. ವಸ್ತುವಿನ ಗಡಿ ಪಿಕ್ಸೆಲುಗಳ ಚೌಕಗಳನ್ನು ನೋಡಿಕೊಂಡು ಹಾದುಹೋಗುವುದಿಲ್ಲ. ಒಂದು ಪಿಕ್ಸೆಲಿನ ಕಾಲುಭಾಗದಲ್ಲಿ ಅಂಗಿ, ಮುಕ್ಕಾಲು ಭಾಗದಲ್ಲಿ ಗೋಡೆ ಇರಬಹುದು. ಆ ಪಿಕ್ಸೆಲಿಗೆ ‘ಇದೆ’ ಅಥವಾ ‘ಇಲ್ಲ’ ಎಂಬ ಉತ್ತರ ಸಾಲದು, ‘ಕಾಲುಭಾಗ ಇದೆ’ ಎನ್ನುವ ಉತ್ತರ ಬೇಕು.

ಇರೇಸರಿನಲ್ಲಿ ಅಳಿಸಿದರೆ ಆ ಭಾಗ ಹೋಗಿಯೇ ಹೋಯಿತು. ಮಾಸ್ಕಿನಲ್ಲಿ ಕಪ್ಪು ಬಳಿದದ್ದನ್ನು ನಾಳೆ ಬಿಳಿ ಬಳಿದು ವಾಪಸ್ ತರಬಹುದು. ಇರೇಸರ್ ಹಿಡಿದು ಕೆಲಸ ಮಾಡುವವರು ಇನ್ನೂ ಇದ್ದಾರೆ; ದಯವಿಟ್ಟು ಇವತ್ತೇ ಬಿಟ್ಟುಬಿಡಿ ಎಂದಷ್ಟೇ ಹೇಳಬಲ್ಲೆ.

ಸರಿ, ಕೆಲವೇ ಪಿಕ್ಸೆಲಿನ ಪಟ್ಟಿ ಅಷ್ಟು ಬೇಗ ಕಣ್ಣಿಗೆ ಹೊಡೆಯುವುದೇಕೆ? ಕಣ್ಣಿಗೆ ಬೆಳಕಿಗಿಂತ ಬೆಳಕಿನ ಏರುಪೇರು ಮುಖ್ಯ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1865ರಲ್ಲಿ ಒಂದು ವಿಚಿತ್ರವನ್ನು ವಿವರಿಸಿದ. ಗಾಢ ಬೂದಿನಿಂದ ತಿಳಿ ಬೂದಿಗೆ ಬಣ್ಣ ಸಮನಾಗಿ ಏರುವ ಒಂದು ಪಟ್ಟಿ ಇದೆಯೆನ್ನಿ. ಏರಿಕೆ ಶುರುವಾಗುವ ಜಾಗದಲ್ಲಿ ನಮಗೆ ಇನ್ನಷ್ಟು ಕಪ್ಪಾದ ಗೆರೆಯೂ, ಮುಗಿಯುವ ಜಾಗದಲ್ಲಿ ಇನ್ನಷ್ಟು ಬೆಳ್ಳಗಿನ ಗೆರೆಯೂ ಕಾಣುತ್ತವೆ. ಕಾಗದದ ಮೇಲೆ ಆ ಗೆರೆಗಳಿಲ್ಲ, ಅವನ್ನು ಹುಟ್ಟಿಸುವುದು ನಮ್ಮ ದೃಷ್ಟಿ. ಅಮೆರಿಕದ ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಮುಂದೆ ಕುದುರೆಲಾಳದ ಏಡಿಯ ಕಣ್ಣಿನ ಮೇಲೆ ಪ್ರಯೋಗ ಮಾಡಿ, ಬೆಳಕು ಬಿದ್ದ ಒಂದು ಘಟಕ ತನ್ನ ನೆರೆಯ ಘಟಕಗಳ ಸದ್ದಡಗಿಸುತ್ತದೆ ಎಂದು ತೋರಿಸಿದರು. ಅವರಿಗೆ 1967ರ ನೊಬೆಲ್ ಬಂತು. ನೆರೆಯನ್ನು ತಗ್ಗಿಸಿ ವ್ಯತ್ಯಾಸವನ್ನು ಹಿಗ್ಗಿಸುವ ಈ ಗುಣವೇ ಸಂಜೆಗತ್ತಲಲ್ಲೂ ಮೆಟ್ಟಿಲಿನ ಅಂಚು ನಮಗೆ ಕಾಣುವಂತೆ ಮಾಡುತ್ತದೆ. ಸೇರಿಸಿದ ಫೋಟೋದ ಬೆಸುಗೆಯನ್ನು ಬಯಲು ಮಾಡುವುದೂ ಅದೇ ಗುಣ.

ಮಾಖ್ ಕಂಡ ಗೆರೆಗಳಿಂದ ಎಡಿಟಿಂಗ್ ಮಾಡುವವರು ಕಲಿಯಬೇಕಾದ ಪಾಠ ಬಹಳ ಉಪಯುಕ್ತ. ಏರಿಕೆ ಎಷ್ಟೇ ಅಗಲವಾಗಿದ್ದರೂ ಅದು ಥಟ್ಟನೆ ಶುರುವಾಗಿ ಥಟ್ಟನೆ ನಿಂತರೆ ಎರಡು ತುದಿಯಲ್ಲೂ ಗೆರೆ ಕಾಣುತ್ತದೆ. ಆದ್ದರಿಂದ ಮಾಸ್ಕಿನ ಬೂದು ಬಣ್ಣ ನಿಧಾನಕ್ಕೆ ಹೊರಟು, ನಡುವೆ ವೇಗ ಪಡೆದು, ಮತ್ತೆ ನಿಧಾನವಾಗಿ ನಿಲ್ಲಬೇಕು. ಗಾಸಿಯನ್ ಬ್ಲರ್ ಕೊಡುವುದು ಇಂಥ ಏರಿಕೆಯನ್ನೇ. ದೊಡ್ಡ ಆಕಾಶಕ್ಕೋ ಗೋಡೆಗೋ ಗ್ರೇಡಿಯಂಟ್ ಟೂಲಿನಿಂದ ಕಪ್ಪು-ಬಿಳುಪು ಎಳೆದವರು, ಎಳೆದ ಮೇಲೆ ಅದೇ ಮಾಸ್ಕಿಗೆ ಒಂದಿಷ್ಟು ಗಾಸಿಯನ್ ಬ್ಲರ್ ಕೊಟ್ಟು ನೋಡಿ. ತುದಿಗಳಲ್ಲಿ ತೇಲುತ್ತಿದ್ದ ಗೆರೆಗಳು ಕರಗುತ್ತವೆ.

ಈಗ ಅಪ್ಪನ ಫೋಟೋವನ್ನು ಹತ್ತಿರದಿಂದ ನೋಡೋಣ. ಕೆಂಪು ಪರದೆಯ ಮುಂದೆ ನಿಂತಿದ್ದಾರೆ, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ, ಕನ್ನಡಕ, ಬಾಚಿದ ನರೆಗೂದಲು. 300 ಪರ್ಸೆಂಟಿಗೆ ಜೂಮ್ ಮಾಡಿ. ಕ್ಯಾಮೆರಾ ಫೋಕಸ್ ಆಗಿರುವುದು ಮುಖಕ್ಕೆ. ಅಂಗಿಯ ಕಾಲರು ಹೆಚ್ಚುಕಡಿಮೆ ಮುಖದಷ್ಟೇ ದೂರದಲ್ಲಿದೆ, ಅಲ್ಲಿ ಬಿಳಿ ಬಣ್ಣ ಕೆಂಪಿಗೆ ತಿರುಗಲು ಎರಡು ಮೂರು ಪಿಕ್ಸೆಲ್ ಸಾಕಾಗಿದೆ. ಕಿವಿ ಸ್ವಲ್ಪ ಹಿಂದಿದೆ, ಅಲ್ಲಿ ಐದಾರು ಪಿಕ್ಸೆಲ್ ಹಿಡಿದಿದೆ. ಓರೆಯಾಗಿ ನಿಂತಿರುವುದರಿಂದ ಹಿಂದಿನ ಭುಜ ಇನ್ನೂ ದೂರ, ಅಲ್ಲಿನ ಅಂಚು ಹತ್ತು ಹನ್ನೆರಡು ಪಿಕ್ಸೆಲಿನಷ್ಟು ಹರಡಿದೆ. ಯಾರನ್ನೋ ಕರೆಯಲು ಕೈ ಎತ್ತಿದ್ದರೆ ಬೆರಳ ತುದಿಯ ಅಂಚು ಅಲುಗಾಟದಿಂದ ಒಂದು ಕಡೆಗೆ ಮಾತ್ರ ಎಳೆದಂತಿರುತ್ತದೆ. ಎಣಿಸುವುದು ಕಷ್ಟವಲ್ಲ, ಒಂದೆರಡು ಕಡೆ ಎಣಿಸಿದರೆ ಉಳಿದದ್ದನ್ನು ಕಣ್ಣೇ ಅಂದಾಜು ಮಾಡುತ್ತದೆ. ಈ ಇಡೀ ದೇಹಕ್ಕೆ ಒಂದೇ ಫೆದರ್ ಸಂಖ್ಯೆ ಕೊಟ್ಟರೆ ಕಾಲರ್ ಕರಗುತ್ತದೆ, ಭುಜ ಕತ್ತರಿಸಿದಂತೆ ಕಾಣುತ್ತದೆ. ಎರಡೂ ತಪ್ಪು ಒಂದೇ ಚಿತ್ರದಲ್ಲಿ.

ನನಗೆ ಸರಿಯೆನಿಸಿದ ಕ್ರಮ ಹೀಗೆ. ಮೊದಲು ಪೆನ್ ಟೂಲಿನಲ್ಲಿ ಕಟಿಂಗ್ ಮಾಡಿ, ಅರ್ಧ ಪಿಕ್ಸೆಲಿನಷ್ಟು ಮಾತ್ರ ಫೆದರ್ ಕೊಟ್ಟು ಗರಿಗರಿಯಾದ ಮಾಸ್ಕ್ ಮಾಡಿಕೊಳ್ಳುವುದು. ಕಾಲರು, ಕನ್ನಡಕದ ಫ್ರೇಮು, ಮುಂದಿನ ತೋಳು ಹಾಗೆಯೇ ಇರಲಿ. ಆಮೇಲೆ ಲೇಯರನ್ನು ಬಿಟ್ಟು ಮಾಸ್ಕಿನ ಮೇಲೆ ಕ್ಲಿಕ್ ಮಾಡಿ ಬ್ಲರ್ ಟೂಲ್ ಹಿಡಿಯುವುದು. ಕಿವಿಯ ಸುತ್ತ ಒಂದು ಸಲ, ಹಿಂದಿನ ಭುಜದ ಮೇಲೆ ನಾಲ್ಕೈದು ಸಲ ಸವರುವುದು. ಸವರಿದಷ್ಟೂ ಅಲ್ಲಿನ ಅಂಚು ಮಾತ್ರ ಅಗಲವಾಗುತ್ತದೆ. ಪ್ರಾಪರ್ಟೀಸ್ ಪ್ಯಾನೆಲಿನ ಫೆದರ್ ಸ್ಲೈಡರನ್ನು ಆಮೇಲೂ ಬದಲಿಸಬಹುದು ಎಂಬುದು ಒಳ್ಳೆಯ ಅನುಕೂಲವೇ, ಆದರೆ ಅದು ಇಡೀ ಮಾಸ್ಕಿಗೆ ಒಟ್ಟಾಗಿ ಅನ್ವಯಿಸುತ್ತದೆ. ಜಾಗ ನೋಡಿ ಸವರುವ ಕೆಲಸ ಕೈಯಿಂದಲೇ ಆಗಬೇಕು.

ಫೆದರಿನ ಸಂಖ್ಯೆಯ ಬಗ್ಗೆ ಇನ್ನೆರಡು ಮಾತು. ಅದು ಪಿಕ್ಸೆಲಿನ ಲೆಕ್ಕ, ಚಿತ್ರದ ಲೆಕ್ಕವಲ್ಲ. ವಾಟ್ಸ್ಆ್ಯಪಿನಲ್ಲಿ ಬಂದ ಸಾವಿರ ಪಿಕ್ಸೆಲ್ ಅಗಲದ ಫೋಟೋದಲ್ಲಿ 5 ಎಂಬುದು ಕಿವಿಯನ್ನೇ ನುಂಗೀತು. 12x18 ಇಂಚಿನ ಆಲ್ಬಂ ಹಾಳೆಗೆ 300 ಡಿಪಿಐ ಲೆಕ್ಕದಲ್ಲಿ 3600x5400 ಪಿಕ್ಸೆಲ್ ಇರುತ್ತದೆ, ಅಲ್ಲಿ 5 ಪಿಕ್ಸೆಲ್ ಎಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಹಾಗಾಗಿ ‘ಫೆದರ್ ಎಷ್ಟು ಕೊಡಬೇಕು’ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಕೊಡುವವರನ್ನು ನಂಬಬೇಡಿ. ಎರಡನೆಯದು, ಫೆದರ್ ಗೆರೆಯ ಒಳಕ್ಕೂ ಹೊರಕ್ಕೂ ಹರಡುತ್ತದೆ. ಹೊರಕ್ಕೆ ಹರಡಿದಾಗ ಏನು ಬರುತ್ತದೆ? ಹಳೆಯ ಹಿನ್ನೆಲೆ. ಅಪ್ಪನ ಬಿಳಿ ಅಂಗಿಯ ಸುತ್ತ ನಸುಗೆಂಪು ಪ್ರಭಾವಳಿ ಬರುವುದು ಹೀಗೆ. ಮಾಸ್ಕ್ ಮೆತ್ತಗಾದ ಮೇಲೆ ಅದನ್ನು ಒಂದಿಷ್ಟು ಒಳಕ್ಕೆ ಎಳೆಯಲೇಬೇಕು. ಸೆಲೆಕ್ಟ್ ಆ್ಯಂಡ್ ಮಾಸ್ಕಿನಲ್ಲಿ ಶಿಫ್ಟ್ ಎಡ್ಜನ್ನು ಮೈನಸ್ ಕಡೆಗೆ ತಳ್ಳಬಹುದು, ಇಲ್ಲವೇ ಮಾಸ್ಕಿನ ಮೇಲೆ ಲೆವೆಲ್ಸ್ ತೆರೆದು ಕಪ್ಪು ಸ್ಲೈಡರನ್ನು ಬಲಕ್ಕೆ ಜರುಗಿಸಬಹುದು. ಎರಡನೆಯದರಲ್ಲಿ ಅಂಚು ಕಣ್ಣೆದುರೇ ಇಂಚಿಂಚಾಗಿ ಒಳಸರಿಯುವುದು ಕಾಣುತ್ತದೆ. ನನಗೆ ಅದೇ ಹೆಚ್ಚು ಇಷ್ಟ.

ಕೂದಲಿನ ಕತೆಯೇ ಬೇರೆ. ಒಂದು ಕೂದಲೆಳೆ ಬಹಳ ಸಲ ಒಂದು ಪಿಕ್ಸೆಲಿಗಿಂತ ತೆಳ್ಳಗಿರುತ್ತದೆ, ಎಂದರೆ ಆ ಪಿಕ್ಸೆಲಿನಲ್ಲಿ ಕೂದಲೂ ಇದೆ, ಕೆಂಪು ಪರದೆಯೂ ಇದೆ. ಮಾಸ್ಕ್ ಎಷ್ಟೇ ನಿಖರವಾಗಿದ್ದರೂ ಪಿಕ್ಸೆಲಿನೊಳಗೇ ಬೆರೆತುಹೋದ ಕೆಂಪನ್ನು ಅದು ಹೊರತೆಗೆಯಲಾರದು. ಇಲ್ಲಿ ಮಾಸ್ಕನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರುವವರು ತಪ್ಪು ಕಡೆ ದುಡಿಯುತ್ತಿರುತ್ತಾರೆ. ತಿದ್ದಬೇಕಾದದ್ದು ಬಣ್ಣವನ್ನು. ಲೇಯರಿನ ಮೇಲೆ ಇನ್ನೊಂದು ಖಾಲಿ ಲೇಯರನ್ನು ಕ್ಲಿಪ್ ಮಾಡಿ, ಪಕ್ಕದ ಕೂದಲಿನ ಬೂದುಬಣ್ಣವನ್ನೇ ಎತ್ತಿಕೊಂಡು ಅಂಚಿನ ಎಳೆಗಳ ಮೇಲೆ ಮೆತ್ತಗೆ ಬಳಿದರೆ ಕೆಂಪು ಅಡಗುತ್ತದೆ. ಡಿಕಂಟ್ಯಾಮಿನೇಟ್ ಕಲರ್ಸ್ ಎಂಬ ಆಯ್ಕೆ ಇದನ್ನೇ ತಾನಾಗಿ ಮಾಡುತ್ತದೆ. ಕಪ್ಪು ಕೂದಲಿನವರನ್ನು ಬಿಳಿ ಹಿನ್ನೆಲೆಯಿಂದ ತೆಗೆಯುವಾಗ ಇನ್ನೊಂದು ಉಪಾಯವಿದೆ: ಅದೇ ಲೇಯರಿನ ಇನ್ನೊಂದು ಪ್ರತಿಯನ್ನು ಕೂದಲಿನ ಭಾಗಕ್ಕಷ್ಟೇ ಮಲ್ಟಿಪ್ಲೈ ಮೋಡಿನಲ್ಲಿ ಇಟ್ಟರೆ ಬಿಳುಪು ತಾನಾಗಿ ಮಾಯವಾಗಿ ಎಳೆಗಳು ಮಾತ್ರ ಉಳಿಯುತ್ತವೆ. ಬೆಳ್ಳಗಿನ ಕೂದಲು, ಕಪ್ಪು ಹಿನ್ನೆಲೆ ಇದ್ದರೆ ಸ್ಕ್ರೀನ್ ಮೋಡು.

ಇಲ್ಲಿ ಒಂದಿಷ್ಟು ಹಿಂದಕ್ಕೆ ಹೋಗಬೇಕು. ಫೋಟೋಗಳನ್ನು ಸೇರಿಸುವ ಚಟ ಫೋಟೋಗ್ರಫಿಯಷ್ಟೇ ಹಳೆಯದು, ಮತ್ತು ಹಳಬರು ಅಂಚಿನ ಬಗ್ಗೆ ನಮಗಿಂತ ಆಳವಾಗಿ ಯೋಚಿಸಿದ್ದರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರದ ಚಿತ್ರಗಳನ್ನು ತೆಗೆಯುತ್ತಿದ್ದ. ಅಂದಿನ ಕೊಲೋಡಿಯನ್ ಗಾಜಿನ ಫಲಕಕ್ಕೆ ನೀಲಿ ಬೆಳಕು ವಿಪರೀತ ತಾಗುತ್ತಿತ್ತು. ಸಮುದ್ರ ಸರಿಯಾಗಿ ಮೂಡುವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಸುಟ್ಟುಹೋಗಿ ಮೋಡವೇ ಇಲ್ಲದ ಬಿಳಿ ಹಾಳೆಯಾಗುತ್ತಿತ್ತು. ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಕಾಗದದ ಮೇಲೆ ಮುದ್ರಿಸಿದ. 1857ರ ಅವನ ಪ್ರಸಿದ್ಧ ‘ದೊಡ್ಡ ಅಲೆ’ ಚಿತ್ರ ಹಾಗೆ ಹುಟ್ಟಿದ್ದು. ಎರಡೂ ಎಲ್ಲಿ ಕೂಡುತ್ತವೆ? ದಿಗಂತದ ಗೆರೆಯಲ್ಲಿ. ನೀರು-ಬಾನು ಕೂಡುವಲ್ಲಿ ಪ್ರಕೃತಿಯೇ ಒಂದು ಗಟ್ಟಿ ಗೆರೆ ಎಳೆದಿರುವಾಗ ಬೆಸುಗೆಯನ್ನು ಮೆತ್ತಗೆ ಮಾಡುವ ಅಗತ್ಯವೇ ಅವನಿಗಿರಲಿಲ್ಲ. ಎಲ್ಲಿ ಸೇರಿಸಬೇಕು ಎಂಬುದನ್ನು ಮೊದಲು ಆರಿಸಿಕೊಂಡ, ಹೇಗೆ ಎಂಬುದು ಅರ್ಧ ಅಲ್ಲೇ ಬಗೆಹರಿಯಿತು. ಅದೇ 1857ರಲ್ಲಿ ಇಂಗ್ಲೆಂಡಿನ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ‘ಬದುಕಿನ ಎರಡು ದಾರಿಗಳು’ ಎಂಬ ದೊಡ್ಡ ಚಿತ್ರವನ್ನು ಮಾಡಿದ. ಒಂದೊಂದನ್ನು ಮುದ್ರಿಸುವಾಗಲೂ ಉಳಿದ ಭಾಗವನ್ನು ಮುಚ್ಚಿಡಬೇಕಿತ್ತು.

ಡಾರ್ಕ್‌ರೂಮಿನಲ್ಲಿ ಕೆಲಸ ಮಾಡಿದ ಹಿರಿಯರಿಗೆ ರಟ್ಟಿನ ತುಂಡಿನ ಉಪಯೋಗ ಗೊತ್ತು. ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದ ರಟ್ಟು ಕಾಗದಕ್ಕೆ ಹತ್ತಿರವಿದ್ದರೆ ನೆರಳಿನ ಅಂಚು ಗಟ್ಟಿ, ಮೇಲೆತ್ತಿ ಲೆನ್ಸಿನ ಹತ್ತಿರ ಒಯ್ದರೆ ಮೆತ್ತಗೆ. ಅದನ್ನು ಸಣ್ಣಗೆ ಅಲುಗಾಡಿಸುತ್ತಲೂ ಇರಬೇಕು, ನಿಂತರೆ ಗೆರೆ ಬೀಳುತ್ತದೆ. ಎತ್ತರವೇ ಅವರ ಫೆದರ್ ಸ್ಲೈಡರ್. ಸಿನಿಮಾದಲ್ಲೂ ಹೀಗೆಯೇ. ಡಾ. ರಾಜ್‌ಕುಮಾರ್ ಒಂದಕ್ಕಿಂತ ಹೆಚ್ಚು ಪಾತ್ರಗಳಲ್ಲಿ ಕಾಣಿಸಿಕೊಂಡ ‘ಬಬ್ರುವಾಹನ’ (1977), ‘ಶಂಕರ್ ಗುರು’ (1978) ಚಿತ್ರಗಳ ಕಾಲದಲ್ಲಿ ಕಂಪ್ಯೂಟರಿನ ನೆರವಿರಲಿಲ್ಲ. ದ್ವಿಪಾತ್ರಕ್ಕೆ ಆಗ ಬಳಕೆಯಲ್ಲಿದ್ದ ದಾರಿಯೊಂದು ಮಾಸ್ಕ್ ಶಾಟ್. ಲೆನ್ಸಿನ ಮುಂದೆ ಅರ್ಧ ಭಾಗಕ್ಕೆ ಕಪ್ಪು ಹಿಡಿದು ಒಮ್ಮೆ ಚಿತ್ರೀಕರಿಸಿ, ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧಕ್ಕೆ ಕಪ್ಪು ಹಿಡಿದು ಮತ್ತೆ ಚಿತ್ರೀಕರಿಸುವುದು. ಲೆನ್ಸಿಗೆ ಅಷ್ಟು ಹತ್ತಿರವಿದ್ದ ಕಪ್ಪಿನ ಅಂಚು ಫೋಕಸ್ ತಪ್ಪಿ ತಾನಾಗಿ ಮಸುಕಾಗುತ್ತಿತ್ತು. ಆ ಮಸುಕು ಬೀಳುವ ಜಾಗಕ್ಕೆ ಕಂಬವನ್ನೋ ಬಾಗಿಲ ಚೌಕಟ್ಟನ್ನೋ ಬರಿ ಗೋಡೆಯನ್ನೋ ಬರುವಂತೆ ಜೋಡಿಸಿಕೊಂಡರೆ ಪ್ರೇಕ್ಷಕರಿಗೆ ಬೆಸುಗೆ ತಿಳಿಯುತ್ತಿರಲಿಲ್ಲ. ನಟ ಮಾತ್ರ ಆ ಗೆರೆ ದಾಟುವಂತಿರಲಿಲ್ಲ.

ಫೋಟೋಶಾಪಿನಲ್ಲಿ ಮಾಸ್ಕ್ ನೋಡಲು ಒಂದು ಕೀ ಒತ್ತಿದಾಗ ಚಿತ್ರದ ಮೇಲೆ ಕೆಂಪು ಪೊರೆ ಹರಡುತ್ತದಲ್ಲ, ಅದೂ ಅಚ್ಚುಮನೆಯ ನೆನಪೇ. ಪ್ಲೇಟ್ ಮಾಡುವವರು ರೂಬಿಲಿತ್ ಎಂಬ ಕೆಂಪು ಹಾಳೆಯನ್ನು ಬ್ಲೇಡಿನಿಂದ ಕೊರೆದು ಮುಚ್ಚಬೇಕಾದ ಭಾಗ ಮುಚ್ಚುತ್ತಿದ್ದರು. ಅವರ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ.

ಅಂಚಿನ ಅಗಲ ಎಷ್ಟಿರಬೇಕು ಎಂಬ ಪ್ರಶ್ನೆಗೆ ವಿಜ್ಞಾನ ಕೊಟ್ಟ ಅತ್ಯುತ್ತಮ ಉತ್ತರ ನನ್ನ ಪ್ರಕಾರ 1983ರದ್ದು. ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಆಡೆಲ್ಸನ್ ಎಂಬ ಸಂಶೋಧಕರು ಅರ್ಧ ಸೇಬು, ಅರ್ಧ ಕಿತ್ತಳೆಯನ್ನು ಸೇರಿಸಿ ಒಂದೇ ಹಣ್ಣಾಗಿ ಕಾಣುವ ಚಿತ್ರವನ್ನು ಆ ವರ್ಷ ಪ್ರಕಟಿಸಿದರು. ಅವರ ವಾದ ಸರಳ. ಚಿತ್ರದಲ್ಲಿ ದೊಡ್ಡ ಏರಿಳಿತಗಳಿವೆ: ಹಣ್ಣಿನ ಒಟ್ಟು ಬಣ್ಣ, ಒಂದು ಕಡೆಯ ಬೆಳಕು, ಇನ್ನೊಂದು ಕಡೆಯ ನೆರಳು. ಸಣ್ಣ ಏರಿಳಿತಗಳೂ ಇವೆ: ಸಿಪ್ಪೆಯ ಚುಕ್ಕೆ, ಗುಳಿ. ಕಿರಿದಾದ ಅಂಚಿನಲ್ಲಿ ಬೆರೆಸಿದರೆ ದೊಡ್ಡ ಬಣ್ಣಗಳ ನಡುವೆ ಗೆರೆ ಕಾಣುತ್ತದೆ. ಅಗಲವಾದ ಅಂಚಿನಲ್ಲಿ ಬೆರೆಸಿದರೆ ಸಣ್ಣ ವಿವರಗಳು ಒಂದರ ಮೇಲೊಂದು ಬಿದ್ದು ದೆವ್ವದ ಹಾಗೆ ಎರಡೆರಡು ಕಾಣುತ್ತವೆ. ಯಾವ ಒಂದು ಅಗಲವೂ ಎರಡಕ್ಕೂ ಒಗ್ಗದು. ಆದ್ದರಿಂದ ಚಿತ್ರವನ್ನು ದೊಡ್ಡ ಏರಿಳಿತ, ಮಧ್ಯಮ, ಸಣ್ಣ ಎಂದು ಪದರ ಪದರವಾಗಿ ಬೇರ್ಪಡಿಸಿ, ದೊಡ್ಡದನ್ನು ಅಗಲವಾಗಿ, ಸಣ್ಣದನ್ನು ಕಿರಿದಾಗಿ ಬೆರೆಸಿ, ಕೊನೆಗೆ ಎಲ್ಲವನ್ನೂ ಮತ್ತೆ ಕೂಡಿಸಿದರು. ಗೋಡೆಗೆ ತೇಪೆ ಹಾಕುವ ಒಳ್ಳೆಯ ಪೇಂಟರ್ ಬಿರುಕನ್ನು ಬೆರಳಗಲ ಮಾತ್ರ ಮುಚ್ಚಿ, ಬಣ್ಣವನ್ನು ಮಾತ್ರ ಮೊಳದುದ್ದ ಎಳೆದು ಸವರುತ್ತಾನಲ್ಲ, ಅದೇ ಬುದ್ಧಿ.

ಇದನ್ನು ಸ್ಟುಡಿಯೋ ಕೆಲಸಕ್ಕೆ ತರುವುದು ಕಷ್ಟವಲ್ಲ. ಮದುವೆ ಆಲ್ಬಮ್ಮಿನ ಮುಖಗಳನ್ನು ತಿದ್ದುವವರಿಗೆ ಫ್ರೀಕ್ವೆನ್ಸಿ ಸೆಪರೇಶನ್ ಚೆನ್ನಾಗಿ ಗೊತ್ತು: ಒಂದು ಲೇಯರಿನಲ್ಲಿ ಬಣ್ಣ-ಬೆಳಕು ಮಾತ್ರ, ಇನ್ನೊಂದರಲ್ಲಿ ಚರ್ಮದ ರಂಧ್ರ-ರೇಖೆಗಳು ಮಾತ್ರ. ಒಂದೇ ಗುಂಪಿನ ಎರಡು ಫೋಟೋ ತೆಗೆದು, ಒಂದರಲ್ಲಿ ಕಣ್ಣು ಮುಚ್ಚಿದವರ ಮುಖವನ್ನು ಇನ್ನೊಂದರಿಂದ ತರುವಾಗ ಇದೇ ಲೇಯರುಗಳಿಗೆ ಬೇರೆ ಬೇರೆ ಮಾಸ್ಕ್ ಕೊಡಿ. ಬಣ್ಣದ ಲೇಯರಿನ ಮಾಸ್ಕ್ ಕೆನ್ನೆಯುದ್ದಕ್ಕೂ ಅಗಲವಾಗಿ ಹರಡಲಿ, ವಿವರದ ಲೇಯರಿನ ಮಾಸ್ಕ್ ದವಡೆಯ ಗೆರೆಯಲ್ಲೇ ಕಿರಿದಾಗಿ ನಿಲ್ಲಲಿ. ಎರಡು ಸಲ ಫ್ಲ್ಯಾಶ್ ಬೇರೆ ಬೇರೆ ಬಿದ್ದಿದ್ದರೂ ಮುಖ ಅದೇ ಕತ್ತಿನ ಮೇಲೆ ಕೂರುತ್ತದೆ.

ಮರಗಳ ಹಿಂದಿನ ಬೆಳ್ಳಗಿನ ಆಕಾಶ ಬದಲಿಸುವಾಗ ಅಂಚನ್ನು ಕೈಯಿಂದ ಬಿಡಿಸಲು ಹೋಗಲೇಬಾರದು. ಸಾವಿರಾರು ಎಲೆಗಳ ಗಡಿಯನ್ನು ಆ ಫೋಟೋ ಆಗಲೇ ತನ್ನೊಳಗೆ ಬರೆದಿಟ್ಟುಕೊಂಡಿದೆ. ಚಾನೆಲ್ಸ್ ತೆರೆದು ನೀಲಿಯನ್ನು ನೋಡಿ: ಆಕಾಶ ಬೆಳ್ಳಗೆ, ಎಲೆ ಕಪ್ಪಗೆ. ಅದರ ಪ್ರತಿ ಮಾಡಿ, ಲೆವೆಲ್ಸಿನಿಂದ ವ್ಯತ್ಯಾಸ ಹೆಚ್ಚಿಸಿ, ಬ್ರಷ್ಷನ್ನು ಓವರ್‌ಲೇ ಮೋಡಿನಲ್ಲಿಟ್ಟು ಬೆಳ್ಳಗಿನ ಭಾಗದ ಮೇಲೆ ಬಿಳಿ, ಕಪ್ಪಗಿನ ಭಾಗದ ಮೇಲೆ ಕಪ್ಪು ಸವರುತ್ತಾ ಹೋದರೆ ಎಲೆಯೆಲೆಗೂ ಅದರದರದೇ ಮೆತ್ತನೆಯ ಅಂಚಿರುವ ಮಾಸ್ಕ್ ಸಿಗುತ್ತದೆ. ಪೂರ್ತಿ ಕಪ್ಪು-ಬಿಳುಪಾಗುವ ತನಕ ತಳ್ಳಬೇಡಿ. ಎಲೆಯ ತುದಿಯ ಆ ಕೊಂಚ ಬೂದೇ ನಮಗೆ ಬೇಕಾದದ್ದು. ಫೋಟೋಶಾಪಿನಲ್ಲಿ 2020ರಿಂದ ಆಕಾಶ ಬದಲಿಸುವ ಸಿದ್ಧ ಸೌಲಭ್ಯವಿದೆ, ಅದು ಕೊಡುವ ಮಾಸ್ಕನ್ನೂ ಹೀಗೆಯೇ ತೆರೆದು ತಿದ್ದಬಹುದು.

ಇನ್ನು ಹೆಚ್ಚಿನವರ ಗಮನಕ್ಕೆ ಬಾರದ ಎರಡು ಸಂಗತಿಗಳಿವೆ. ಕಂಪ್ಯೂಟರಿನ ಫೈಲಿನಲ್ಲಿರುವ ಸಂಖ್ಯೆ ಬೆಳಕಿನ ನೇರ ಅಳತೆಯಲ್ಲ. 255ರ ಅರ್ಧವಾದ 128ರಲ್ಲಿ ಇರುವ ಬೆಳಕು ಅರ್ಧವಲ್ಲ, ಸುಮಾರು 22 ಪರ್ಸೆಂಟ್. ನಿಜವಾದ ಅರ್ಧ ಬೆಳಕಿನ ಸಂಖ್ಯೆ 188ರ ಆಸುಪಾಸು. ಕೆಂಪು ಸೀರೆಯ ಅಂಚನ್ನು ಹಸಿರು ತೋಟದ ಮೇಲೆ ಮೆತ್ತಗೆ ಬೆರೆಸಿದಾಗ ನಡುವೆ ಒಂದು ಕೊಳಕು ಕಂದು ಗೆರೆ ಬರುವುದು ಇದೇ ಲೆಕ್ಕದಿಂದ. ಫೋಟೋಶಾಪಿನ ಕಲರ್ ಸೆಟ್ಟಿಂಗ್ಸಿನಲ್ಲಿ ಆರ್‌ಜಿಬಿ ಬಣ್ಣಗಳನ್ನು ಗಾಮಾ 1.0ರಲ್ಲಿ ಬೆರೆಸುವ ಆಯ್ಕೆ ಇದೆ. ಉಚಿತವಾಗಿ ಸಿಗುವ ಗಿಂಪಿನಲ್ಲಿ 2.10ನೆಯ ಆವೃತ್ತಿಯಿಂದ ಒಂದೊಂದು ಲೇಯರಿಗೂ ಇದನ್ನು ಬೇರೆಯಾಗಿ ಆರಿಸಬಹುದು. ಫೋಟೋಶಾಪಿನ ಆ ಆಯ್ಕೆಯನ್ನು ಬದಲಿಸಿದರೆ ಇಡೀ ಫೈಲಿನ ಬೆರಕೆಗಳೆಲ್ಲ ಬದಲಾಗುವುದರಿಂದ, ಅಂಚನ್ನು ಕಿರಿದು ಮಾಡಿಯೂ ಗೆರೆ ಹೋಗದಿದ್ದಾಗ ಮಾತ್ರ ಅತ್ತ ನೋಡುವುದು ಒಳ್ಳೆಯದು.

ಎರಡನೆಯದು ಕಾಳು ಕಾಳಾದ ನಾಯ್ಸ್. ಸ್ಕ್ಯಾನ್ ಮಾಡಿದ ಹಳೆಯ ಪ್ರಿಂಟಿನಲ್ಲಿ ಅದು ಧಾರಾಳ. ಎರಡು ಫೋಟೋಗಳು ಅರ್ಧರ್ಧ ಬೆರೆತ ಜಾಗದಲ್ಲಿ ಒಂದರ ಕಾಳು ಇನ್ನೊಂದರ ಕಾಳನ್ನು ಅಷ್ಟಿಷ್ಟು ಅಳಿಸಿಹಾಕುತ್ತದೆ, ನಾಯ್ಸ್ ಸುಮಾರು 70 ಪರ್ಸೆಂಟಿಗೆ ಇಳಿಯುತ್ತದೆ. ಬಣ್ಣ, ಬೆಳಕು ಎಲ್ಲ ಕೂಡಿದ್ದರೂ ಬೆಸುಗೆಯ ಉದ್ದಕ್ಕೂ ಒಂದು ನುಣುಪು ಪಟ್ಟಿ ಹೊಳೆಯುವುದು ಅದಕ್ಕೇ. ಫೆದರ್ ಹೆಚ್ಚಿಸಿದಷ್ಟೂ ಆ ಪಟ್ಟಿ ಅಗಲವಾಗುತ್ತದೆ. ಸೇರಿಸುವ ಮೊದಲು ಎರಡರ ನಾಯ್ಸನ್ನೂ ಆದಷ್ಟು ಇಳಿಸಿ, ಸೇರಿಸಿದ ಮೇಲೆ ಇಡೀ ಚಿತ್ರದ ಮೇಲೆ ಹೊಸದಾಗಿ ಒಂದೇ ಬಗೆಯ ನಾಯ್ಸನ್ನು ತೆಳ್ಳಗೆ ಉದುರಿಸಿದರೆ ಪಟ್ಟಿ ಮುಚ್ಚಿಹೋಗುತ್ತದೆ. ಆಕಾಶದಂಥ ಅಗಲವಾದ ಗ್ರೇಡಿಯಂಟಿನಲ್ಲಿ 256 ಮೆಟ್ಟಿಲು ಸಾಲದೆ ಬಳೆ ಬಳೆಯಾಗಿ ಕಾಣುವ ದೋಷಕ್ಕೂ ಇದೇ ಮದ್ದು.

ಬೆಳಕಿನ ದಿಕ್ಕು ತಪ್ಪಿದ್ದರೆ, ಕಾಲ ಕೆಳಗೆ ನೆರಳಿಲ್ಲದಿದ್ದರೆ ಯಾವ ಮಾಸ್ಕೂ ಕಾಪಾಡದು. ಅದು ಬೇರೆಯೇ ವಿಷಯ. ಇತ್ತೀಚೆಗೆ ಒಂದೇ ಕ್ಲಿಕ್ಕಿನಲ್ಲಿ ಮನುಷ್ಯರನ್ನು ಗುರುತಿಸಿ ಕತ್ತರಿಸುವ ಸೌಲಭ್ಯಗಳು ಎಲ್ಲ ಕಡೆ ಬಂದಿವೆ, ಮೊಬೈಲಿನ ಪೋರ್ಟ್ರೇಟ್ ಮೋಡು ತಾನೇ ಮಾಸ್ಕ್ ಮಾಡಿ ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಶುರು ಮಾಡಲು ಅವು ಒಳ್ಳೆಯವು, ಗಂಟೆಗಟ್ಟಲೆ ಕೆಲಸ ಉಳಿಸುತ್ತವೆ. ಆದರೆ ಕನ್ನಡಕದ ಅಂಚು, ಕಿವಿಯೋಲೆಯ ಸಂದು, ಜಡೆಯಿಂದ ಹೊರಬಂದ ಎಳೆ, ಮಲ್ಲಿಗೆ ದಂಡೆಯ ಮೊಗ್ಗುಗಳ ನಡುವಿನ ಬಯಲು, ಇಲ್ಲೆಲ್ಲ ಅವು ಎಡವುವುದನ್ನು ನೋಡುತ್ತಲೇ ಇದ್ದೇವೆ. ಯಂತ್ರ ಕೊಟ್ಟ ಮಾಸ್ಕನ್ನು ಕೊನೆಯದೆಂದು ಒಪ್ಪಿಕೊಂಡು ಲ್ಯಾಬಿಗೆ ಕಳಿಸುವ ಅವಸರ ಮಾತ್ರ ಬೇಡ.

ಕಳಿಸುವ ಮುನ್ನ ಅಂಚನ್ನು ಪರೀಕ್ಷಿಸುವುದು ಐದು ನಿಮಿಷದ ಕೆಲಸ. ಆಲ್ಟ್ ಒತ್ತಿ ಮಾಸ್ಕಿನ ಮೇಲೆ ಕ್ಲಿಕ್ ಮಾಡಿದರೆ ಬರಿ ಕಪ್ಪು-ಬಿಳುಪು ಕಾಣುತ್ತದೆ. ಮುಖದೊಳಗೆ ತಪ್ಪಿ ಉಳಿದ ಬೂದು ಚುಕ್ಕೆಗಳು, ಮೂಲೆಯಲ್ಲಿ ಅಳಿಸಲು ಮರೆತ ಬಿಳಿ ತುಣುಕುಗಳು ಅಲ್ಲಿ ಬಯಲಾಗುತ್ತವೆ. ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ ವಿಪರೀತ ಕಾಂಟ್ರಾಸ್ಟ್ ಕೊಟ್ಟು ನೋಡಿದರೆ ಮಾನಿಟರಿನಲ್ಲಿ ಅಡಗಿದ್ದ ಪ್ರಭಾವಳಿ ಎದ್ದು ಬರುತ್ತದೆ, ತಿದ್ದಿದ ಮೇಲೆ ಆ ಲೇಯರನ್ನು ತೆಗೆದುಹಾಕಬಹುದು. ಹಿನ್ನೆಲೆಗೆ ಒಮ್ಮೆ ಗಾಢ ಬಣ್ಣ, ಒಮ್ಮೆ ತಿಳಿ ಬಣ್ಣ ತುಂಬಿ ನೋಡುವುದೂ ಒಳ್ಳೆಯದು. ಒಂದರ ಮೇಲೆ ಕಾಣದ ದೋಷ ಇನ್ನೊಂದರ ಮೇಲೆ ಕಾಣುತ್ತದೆ. ಆಮೇಲೆ 300 ಪರ್ಸೆಂಟಿನಿಂದ ಹೊರಬಂದು, ಪ್ರಿಂಟು ಎಷ್ಟು ದೊಡ್ಡದೋ ಅಷ್ಟೇ ಅಳತೆಯಲ್ಲಿ ತೆರೆಯ ಮೇಲಿಟ್ಟು ತೋಳಿನ ದೂರದಿಂದ ನೋಡಬೇಕು. ಫ್ಲೆಕ್ಸಿಗೆ ಹೋಗುವ ಚಿತ್ರವಾದರೆ ಇನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ. ಮಾಸ್ಕುಗಳ ಸಮೇತ ಪಿಎಸ್‌ಡಿ ಫೈಲನ್ನು ಎತ್ತಿಡಿ. ಮೂರು ತಿಂಗಳ ಮೇಲೆ ತಂಗಿಯ ಮನೆಗೂ ಒಂದು ಬೇಕು, ಹಿನ್ನೆಲೆ ಬೇರೆ ಇರಲಿ ಎಂದು ಆ ಮಕ್ಕಳೇ ಮತ್ತೆ ಬಂದಾಗ, ಮೊದಲು ನೋಡಬೇಕಾದದ್ದು ಹೊಸ ಹಿನ್ನೆಲೆಯ ಎದುರು ಆ ಹಳೆಯ ಅಂಚು ಇನ್ನೂ ಸರಿಯಿದೆಯೇ ಎಂಬುದನ್ನು.